ಹನ್ನೆರಡು ಸೆಂಟ್ ಮಳೆ ಮತ್ತು ಕಂಪ್ಯೂಟರಿನ ನೆನಪು

ದಿನಾಂಕ: ಜೂನ್ 20

ಇಂದ,
ದೇವೇಂದ್ರ, ರೈಟರ್ (ಸದ್ಯ ನರ್ಸರಿ ಗೇಟು),
ಕಲ್ಲುಗುಡ್ಡೆ ಎಸ್ಟೇಟ್, ಬಾಳೂರು,
ಮೂಡಿಗೆರೆ ತಾಲ್ಲೂಕು.

ಗೆ,
ಶ್ರೀ ಶಶಿಧರ್ ಅವರು,
ಮಾಲೀಕರು, ಅದೇ ಎಸ್ಟೇಟ್.

ವಿಷಯ: ನನ್ನ ನೆನಪು ಕೆಟ್ಟಿದೆಯೆಂದು ಮಳೆ ಅಳೆಯುವ ಕೆಲಸದಿಂದ ನನ್ನನ್ನು ತೆಗೆದಿರುವುದನ್ನು, ಕಂಪ್ಯೂಟರಿನ ನೆನಪು ಕೆಟ್ಟಿರುವುದು ಪರೀಕ್ಷೆಯಿಂದ ತಿಳಿದುಬಂದಿರುವ ಕಾರಣ, ಮತ್ತೊಮ್ಮೆ ಪರಿಶೀಲಿಸುವ ಬಗ್ಗೆ.

ಉಲ್ಲೇಖ: 1) ಜೂನ್ 16ರಂದು ತಾವು ಜೀಪಿನಿಂದ ಇಳಿಯದೆ ನೀಡಿದ ಮೌಖಿಕ ಆದೇಶ.
2) ಜೂನ್ 19ರಂದು ಕಚೇರಿಯಲ್ಲಿ ನಡೆದ ರ‍್ಯಾಮ್ ಪರೀಕ್ಷೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ನಾನು ಈ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರಾಗಿ ಇಪ್ಪತ್ತೆಂಟು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಮಳೆ ಮಾಪಕದ ಬೀಗ ತೆಗೆದು, ನೀರನ್ನು ಗಾಜಿಗೆ ಹೊಯ್ದು, ಇಂಚು ಸೆಂಟುಗಳಲ್ಲಿ ಅಳೆದು ಬರೆಯುತ್ತಾ ಬಂದಿರುತ್ತೇನೆ. ಇಂಚಿಗೆ ನೂರು ಸೆಂಟು. ಮೊದಲು ರಿಜಿಸ್ಟರಿಗೆ ಬರೆಯುತ್ತಿದ್ದೆ. ಆರು ವರ್ಷಗಳಿಂದ ಜೇಬಿನ ಪುಸ್ತಕಕ್ಕೆ ಬರೆದು ನಂತರ ಕಂಪ್ಯೂಟರಿಗೆ ಹಾಕುತ್ತಿರುತ್ತೇನೆ. ತಾವು ಎಲ್ಲಿದ್ದರೂ ಮೊಬೈಲಿನಲ್ಲಿ ಅದನ್ನು ನೋಡಬಹುದೆಂಬ ಕಾರಣಕ್ಕೆ ಈ ಏರ್ಪಾಟು.

2. ಈ ವರ್ಷ ಮಾರ್ಚ್ 14ರ ಬೆಳಿಗ್ಗೆ ಮಾಪಕದಲ್ಲಿ ಇದ್ದದ್ದು ಹನ್ನೆರಡು ಸೆಂಟು. ಪುಸ್ತಕದಲ್ಲಿ 0.12 ಎಂದು ಬರೆದೆ. ನಂತರ ವಾಡಿಕೆಯಂತೆ ಪಕ್ಕದ ಎಸ್ಟೇಟಿನ ರೈಟರ್ ಸುರೇಂದ್ರನಿಗೆ ಫೋನ್ ಮಾಡಿದೆ. ಮಳೆ ಬಂದ ಮರುದಿನ ನಾವು ರೈಟರುಗಳು ಒಬ್ಬರನ್ನೊಬ್ಬರು ಆರೋಗ್ಯ ವಿಚಾರಿಸುವ ಮೊದಲು ಮಳೆ ವಿಚಾರಿಸುತ್ತೇವೆ.

"ನಿಮಗೆಷ್ಟು ಮಾರಾಯಾ?"

"ಹದಿನಾಲ್ಕು. ನಿಮಗೆ?"

"ಹನ್ನೆರಡು. ಎಲೆ ಮೇಲಿನ ಧೂಳೂ ಹೋಗಿಲ್ಲ."

"ಹೂವಿಗೆ ಇದು ಬಂದದ್ದಕ್ಕಿಂತ ಬರದೇ ಇದ್ದಿದ್ರೆ ಒಳ್ಳೇದಿತ್ತು."

ಸುರೇಂದ್ರನು ಅಕ್ಕಪಕ್ಕದ ಎಸ್ಟೇಟುಗಳ ಮಳೆಯನ್ನೂ ತನ್ನ ಪುಸ್ತಕದ ಅಂಚಿನಲ್ಲಿ ಬರೆದಿಡುವ ಸ್ವಭಾವದವನು. ಅಂದು ನಮ್ಮ ಹೆಸರಿನ ಮುಂದೆ 12 ಎಂದು ಬರೆದಿರುತ್ತಾನೆ.

3. ನಂತರ ಕಂಪ್ಯೂಟರಿಗೂ 0.12 ಎಂದೇ ಹಾಕಿದೆ. ಮೊಗ್ಗು ಪೂರ್ತಿ ಅರಳಲು ಒಂದಿಂಚಾದರೂ ನೀರು ಬೇಕಾದ್ದರಿಂದ, ಮಧ್ಯಾಹ್ನ ಹನ್ನೆರಡೂವರೆಗೆ, ರೋಬಸ್ಟ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹೂಡಬೇಕೇ ಎಂದು ಕೇಳಲು ತಮಗೆ ಫೋನ್ ಮಾಡಿದೆ. ತಾವು ಚಿಕ್ಕಮಗಳೂರಿನಲ್ಲಿ ಮದುವೆ ಊಟದ ಪಂಕ್ತಿಯಲ್ಲಿ ಇದ್ದಿರಿ.

"ಏನ್ರೀ ದೇವೇಂದ್ರ, ಒಂದಿಂಚು ಹನ್ನೆರಡು ಸೆಂಟ್ ಬಿದ್ದ ಮೇಲೂ ಸ್ಪ್ರಿಂಕ್ಲರ್ ಅಂತೀರಲ್ಲ. ಈಗಷ್ಟೇ ಮೊಬೈಲಲ್ಲಿ ನೋಡಿದೆ. ನಿಮಗೆ ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಮರೆತು ಹೋಗ್ತದಾ?"

4. ಕೂಡಲೇ ಕಂಪ್ಯೂಟರ್ ತೆರೆದು ನೋಡಿದೆ. 1.12 ಎಂದು ಇತ್ತು. ಜೇಬಿನ ಪುಸ್ತಕದಲ್ಲಿ 0.12 ಎಂದು ಇತ್ತು. ಹೊರಗೆ ಹೋಗಿ ಗಿಡದ ಬುಡ ಕೆರೆದೆ. ಬೆರಳಿಗೆ ಧೂಳು ಹತ್ತಿತು. ಒಳಗೆ ಬಂದು ಕುಳಿತೆ.

5. ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ತಿಳಿಸಬೇಕಾಗಿರುತ್ತದೆ. ಅದೇ ವಾರ ನಾನು ನನ್ನ ಛತ್ರಿಯನ್ನು ಅರ್ಧ ಗಂಟೆ ಹುಡುಕಿದ ಮೇಲೆ, ಅದು ನನ್ನ ಅಂಗಿಯ ಕಾಲರಿಗೇ ಬೆನ್ನ ಹಿಂದೆ ತೂಗುತ್ತಿದ್ದದ್ದನ್ನು ತಾವೇ ತೋರಿಸಿಕೊಟ್ಟು ನಕ್ಕಿದ್ದಿರಿ. ನನಗೆ ಐವತ್ತೊಂಬತ್ತು ವರ್ಷ. ಕಂಪ್ಯೂಟರಿಗೆ ಆರು. ಯಂತ್ರಕ್ಕೆ ಸುಳ್ಳು ಹೇಳಿ ಆಗಬೇಕಾದ್ದು ಏನೂ ಇಲ್ಲ. ಕಾರಣ, ತಪ್ಪು ನನ್ನದೇ ಇರಬೇಕೆಂದು ತೀರ್ಮಾನಿಸಿ, ಪುಸ್ತಕದಲ್ಲಿದ್ದ ಸೊನ್ನೆಯ ಮೇಲೆ ಪೆನ್ನು ಎಳೆದು ಒಂದು ಮಾಡಿರುತ್ತೇನೆ.

6. ಆದ್ದರಿಂದ ಸ್ಪ್ರಿಂಕ್ಲರ್ ಹೂಡಲಿಲ್ಲ. ಆದ್ದರಿಂದ ಮೊಗ್ಗು ಅರ್ಧಕ್ಕೆ ನಿಂತು ಕೆಂಪಾಗಿ ಒಣಗಿತು. ಆದ್ದರಿಂದ ಈಗ ಗೊಂಚಲಿಗೆ ಎರಡು ಮೂರೇ ಕಾಯಿ ಇದೆ. ಜೂನ್ 16ರಂದು ತಾವು ತೋಟ ಸುತ್ತಿ ಬಂದು, ನಾನು ಹನ್ನೆರಡೇ ಸೆಂಟು ಅಳೆದದ್ದೆಂದು ಹೇಳಿದಾಗ, ಪುಸ್ತಕ ತರಿಸಿ ನೋಡಿದಿರಿ.

"ನಿಮ್ಮ ಕೈಯಲ್ಲೇ ಒಂದಿಂಚು ಅಂತ ಬರೆದಿದೀರಲ್ರೀ! ಬರೆದದ್ದೂ ನೆನಪಿಲ್ಲ, ಅಳೆದದ್ದೂ ನೆನಪಿಲ್ಲ. ಸಾಕು. ನರ್ಸರಿ ಗೇಟಲ್ಲಿ ಕೂತ್ಕೊಳ್ಳಿ. ಇನ್ನು ಮಳೆ ನಾನೇ ನೋಡ್ಕೋತೀನಿ."

ಮಾಪಕದ ಕೀ ತೆಗೆದುಕೊಂಡು ಜೇಬಿಗೆ ಹಾಕಿಕೊಂಡು ಹೋದಿರಿ. ಸೊನ್ನೆಯ ಮೇಲೆ ಗೀಟು ಎಳೆದ ವಿಷಯ ಹೇಳಲು ಅಂದು ನನಗೆ ಬಾಯಿ ಬರಲಿಲ್ಲ.

7. ಈ ಮಧ್ಯೆ ಕಂಪ್ಯೂಟರ್ ತಾನಾಗಿಯೇ ಆರಿ ಹತ್ತತೊಡಗಿದ್ದರಿಂದ, ತಾವೇ ಮೂಡಿಗೆರೆಯಿಂದ ರಿಪೇರಿಯ ಮುಜಮ್ಮಿಲ್ ಅವರನ್ನು ಕಳುಹಿಸಿದಿರಿ. ಕಚೇರಿಯ ಬೀರುಗಳ ಕೀ ಎಲ್ಲಿದೆಯೆಂದು ಬೇರೆ ಯಾರಿಗೂ ನೆನಪಿಲ್ಲದ ಕಾರಣ ನನ್ನನ್ನು ಗೇಟಿನಿಂದ ಕರೆಸಲಾಯಿತು. ಮುಜಮ್ಮಿಲ್ ಅವರು ಒಂದು ಪೆನ್‌ಡ್ರೈವ್ ಚುಚ್ಚಿ ಪರೀಕ್ಷೆ ಹಚ್ಚಿ, ಕೈಕಟ್ಟಿ ಕುಳಿತರು.

"ಎಂತ ಮಾಡ್ತಾ ಉಂಟು ಅದು?" ಎಂದು ಕೇಳಿದೆ.

"ಅದರ ನೆನಪು ನೋಡ್ತಿದೀನಿ ರೈಟ್ರೇ. ಒಂದು ಮಾತು ಹೇಳಿ ಇಟ್ಕೋ ಅನ್ನೋದು. ಆಮೇಲೆ ಏನು ಹೇಳಿದ್ದೆ ಅಂತ ಕೇಳೋದು. ಹೇಳಿದ್ದನ್ನೇ ತಿರುಗಿ ಹೇಳಿದ್ರೆ ಪಾಸು. ಹೀಗೇ ಮೂಲೆ ಮೂಲೇನೂ ಕೇಳ್ತದೆ. ಸಂಜೆ ಆಗ್ತದೆ."

"ತಪ್ಪು ಹೇಳಿದ್ರೆ?"

"ಕೆಂಪು ಗೆರೆ ಬರ್ತದೆ."

"ತಪ್ಪು ಹೇಳ್ತಿದೀನಿ ಅಂತ ಅದಕ್ಕೆ ಗೊತ್ತಾಗ್ತದಾ?"

"ಇಲ್ಲ ರೈಟ್ರೇ. ಧೈರ್ಯವಾಗಿಯೇ ಹೇಳ್ತದೆ. ಸಂಶಯ ಪಡಬೇಕಾದವ್ರು ನಾವು."

ಊಟದ ಹೊತ್ತಿಗೆ ಕೆಂಪು ಗೆರೆಗಳು ಬಂದವು. ಒಳಗಿದ್ದ ಎರಡು ರ‍್ಯಾಮ್ ಪಟ್ಟಿಗಳನ್ನು ಕಿತ್ತು, ಅವುಗಳ ಲೋಹದ ಹಲ್ಲುಗಳನ್ನು ನನ್ನ ಮೇಜಿನ ರಬ್ಬರಿನಿಂದ ಉಜ್ಜಿ, ಒಂದೊಂದನ್ನೇ ಹಾಕಿ ಪುನಃ ಕೇಳಿದರು. ಒಂದು ಪಾಸಾಯಿತು. ಇನ್ನೊಂದು ಎಷ್ಟು ಸಲ ಕೇಳಿದರೂ ಅದೇ ಜಾಗದಲ್ಲಿ ತಪ್ಪು ಹೇಳಿತು. ಸೊನ್ನೆ ಹಾಕಿದ್ದು ಒಂದಾಗಬಹುದೇ ಎಂದು ನಾನು ಕೇಳಿದ್ದಕ್ಕೆ, "ಆಗಬಹುದು. ಅವೆರಡಕ್ಕೂ ಇದರೊಳಗೆ ಒಂದೇ ಬಿಟ್, ಅಂದ್ರೆ ಒಂದು ಚುಕ್ಕಿಯಷ್ಟೇ ವ್ಯತ್ಯಾಸ. ಮಾರ್ಚಲ್ಲಿ ಹಾಗೇ ಆಯ್ತು ಅಂತ ನಾನು ಆಣೆ ಮಾಡಲ್ಲ ನೋಡಿ," ಎಂದರು. ನಾನೂ ಮಾಡುವುದಿಲ್ಲ. ಸುರೇಂದ್ರನ ಪುಸ್ತಕ ಮಾಡುತ್ತದೆ.

8. ನ್ಯಾಯಕ್ಕಾಗಿ ಅದೇ ಕ್ರಮದಲ್ಲಿ ನನ್ನನ್ನೂ ಪರೀಕ್ಷಿಸಲು ಪತ್ನಿ ಜಲಜಾಕ್ಷಿಗೆ ತಿಳಿಸಿದೆ. ಇಪ್ಪತ್ತು ಸಾಮಾನು ಬಾಯಲ್ಲಿ ಹೇಳಿ ಅಂಗಡಿಗೆ ಕಳುಹಿಸಿದಳು. ಹತ್ತೊಂಬತ್ತು ತಂದೆ. ಇಂಗು ಬಿಟ್ಟುಹೋಗಿತ್ತು. "ಇದು ಮರೆವಲ್ಲ. ಇವರಿಗೆ ಇಂಗು ಆಗಲ್ಲ, ಮದುವೆಯಾದಾಗಿಂದ ಮರೀತಾನೇ ಬಂದಿದಾರೆ" ಎಂದು ಆಕೆಯ ಹೇಳಿಕೆ. ಆದರೂ ದೋಷವೆಂದೇ ದಾಖಲಿಸಿರುತ್ತೇನೆ.

9. ಅಂದಿನ ಮದುವೆ ಊಟದಲ್ಲಿ ತಾವು ಒಂದಿಂಚು ಹನ್ನೆರಡು ಎಂದು ಎಲ್ಲರಿಗೂ ಹೇಳಿದ್ದೂ, "ನಿಮ್ಮ ಬೇಲಿ ಒಳಗೆ ಮಾತ್ರ ಬಿತ್ತಾ ಮಾರಾಯಾ?" ಎಂದು ನೆಂಟರು ಕೇಳಿದ್ದೂ, ಈಗ ಹನ್ನೆರಡೇ ಸೆಂಟು ಎಂದರೆ ತಮಗೆ ಮುಜುಗರವೆಂಬುದೂ ಜೀಪಿನ ಡ್ರೈವರ್ ರವಿಯಿಂದ ತಿಳಿದಿರುತ್ತದೆ. ಈ ಬಗ್ಗೆ ತಾವು ಕಂಪ್ಯೂಟರಿನ ಹೆಸರು ಹೇಳಬಹುದು. ಅದಕ್ಕೆ ನೆಂಟರಿಲ್ಲ.

10. ಕೆಟ್ಟ ಪಟ್ಟಿ ತೆಗೆದ ಮೇಲೆ ಕಂಪ್ಯೂಟರನ್ನು ಅದೇ ಮೇಜಿನ ಮೇಲೆ ಅದೇ ಕೆಲಸಕ್ಕೆ ಇಡಲಾಗಿದೆ. ಯಾರೂ ಅದನ್ನು ನರ್ಸರಿ ಗೇಟಿಗೆ ಕಳುಹಿಸಿಲ್ಲ. ಇದಕ್ಕೆ ನನ್ನ ಆಕ್ಷೇಪಣೆ ಇರುವುದಿಲ್ಲ.

ಆದ್ದರಿಂದ, ಮಾರ್ಚ್ 14ರ ಮಳೆಯನ್ನು ಹನ್ನೆರಡು ಸೆಂಟು ಎಂದು ತಿದ್ದಿಸಬೇಕೆಂದೂ, ನನ್ನ ಮೇಲಿನ ಆರೋಪವನ್ನು 'ಮರೆತನು' ಎಂಬುದರಿಂದ 'ನೆನಪಿದ್ದೂ ನಂಬಲಿಲ್ಲ' ಎಂದು ಬದಲಾಯಿಸಬೇಕೆಂದೂ, ಆ ತಪ್ಪಿಗೆ ಏನು ಬೈದರೂ ಸರಿ, ಮಳೆ ಅಳೆಯುವ ಕೆಲಸವನ್ನು ಮಾತ್ರ ನನಗೇ ಹಿಂತಿರುಗಿಸಬೇಕೆಂದೂ ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ, ಇಂಗಿನ ವಿಷಯ ಬಿಟ್ಟು,
ದೇವೇಂದ್ರ

ಲಗತ್ತುಗಳು:
1. ಕೆಟ್ಟ ರ‍್ಯಾಮ್ ಪಟ್ಟಿ, ಒಂದು, ಕಾಗದದಲ್ಲಿ ಸುತ್ತಿದ್ದು.
2. ಕೆಂಪು ಗೆರೆಗಳ ಫೋಟೋ.
3. ಸುರೇಂದ್ರನ ಪುಸ್ತಕದ ಪುಟದ ಜೆರಾಕ್ಸ್.
4. ನನ್ನ ಜೇಬಿನ ಪುಸ್ತಕ. ಬೆಳಕಿಗೆ ಹಿಡಿದರೆ ಗೀಟಿನ ಕೆಳಗೆ ಸೊನ್ನೆ ಕಾಣುತ್ತದೆ.

ವಿಶೇಷ ಸೂಚನೆ: ಕೀ ತಮ್ಮ ಜೇಬಿನಲ್ಲಿಯೇ ಇರುವುದರಿಂದ ನಾಲ್ಕು ದಿನಗಳಿಂದ ಮಾಪಕ ತೆರೆದಿಲ್ಲ. ಯಾರೂ ಏನೂ ಹಾಕದ ಕಾರಣ ಕಂಪ್ಯೂಟರ್ ನಾಲ್ಕು ದಿನವೂ ಸೊನ್ನೆ ಮಳೆ ಎಂದು ತೋರಿಸುತ್ತಿದೆ. ಈ ಅರ್ಜಿ ಬರೆಯುವಾಗ ಕಚೇರಿಯ ಹಂಚಿನ ಮೇಲೆ ಬೀಳುತ್ತಿರುವುದನ್ನು ಏನೆಂದು ನಮೂದಿಸಬೇಕೆಂದು ತಿಳಿಸಿಕೊಡಬೇಕಾಗಿ ಪ್ರಾರ್ಥನೆ.