ಸೊನ್ನೆಗಿಳಿಯದ ಒಂಬತ್ತು ವೋಲ್ಟ್

ಮೂವತ್ತು ವರ್ಷ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದ ನನಗೆ, ಹೆಂಡತಿಯ ಹಿಟ್ಟು ನಾದುವ ಮಷೀನ್ ಕೆಟ್ಟಿದ್ದು ದೇವರೇ ಕೊಟ್ಟ ಅವಕಾಶವೆನಿಸಿತು. ಸುಮಿತ್ರಾ ಗೋಪನಕೊಪ್ಪದ ನಮ್ಮ ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತಾಳೆ. ಮರುದಿನ ಪಕ್ಕದ ಮನೆಯ ಬಸುರಿಯ ಕುಬಸದ ಊಟಕ್ಕೆ ಇನ್ನೂರು ಖಡಕ್ ರೊಟ್ಟಿ ಒಪ್ಪಿಕೊಂಡಿದ್ದಳು. ಅವಳಿಗೆ ಮೊಣಕೈ ನೋವು, ಕೈಯಿಂದ ನಾದುವಂತಿರಲಿಲ್ಲ.

"ಗೋಕುಲ ರಸ್ತೆಗೆ, ಇರ್ಫಾನನ ಅಂಗಡಿಗೆ ಒಯ್ದು ಕೊಡ್ರಿ. ತಾಸಿನ್ಯಾಗ ಮಾಡಿ ಕೊಡ್ತಾನ," ಅಂದಳು.

ಇರ್ಫಾನ್ ನನ್ನ ಹಳೇ ವಿದ್ಯಾರ್ಥಿ. ಶಿಷ್ಯನ ಅಂಗಡಿಯ ಮುಂದೆ ಗುರು ಮಷೀನ್ ಹೊತ್ತು ನಿಲ್ಲುವುದುಂಟೇ?

"ಒಳಗಿನ ಬೋರ್ಡ್ ಸುಟ್ಟೈತಿ, ಹೊಸಾದು ನಾನ ಮಾಡತೇನಿ. ಮಧ್ಯಾಹ್ನದೊಳಗ ನಿನ್ನ ಮಷೀನ್ ತಿರಗತೈತಿ!"

ಧೂಳು ಬೀಳಬಾರದೆಂದು ಮೋಟಾರನ್ನು ಬಿಚ್ಚಿ, ಅವಳ ಹಳೇ ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಬೋರ್ಡು ಕಟ್ಟಿದೆ. ಮೇಲೊಂದು ಸ್ವಿಚ್ಚು, ಕೆಳಗೊಂದು ಸ್ವಿಚ್ಚು, ನಡುವಿನಿಂದ ಮೋಟಾರಿಗೆ ವೈರು. ಇದಕ್ಕೆ ಹಾಫ್ ಬ್ರಿಜ್ ಎನ್ನುತ್ತಾರೆ. ಎರಡೂ ಸ್ವಿಚ್ಚುಗಳಿಗೆ ಅಪ್ಪಣೆ ಕೊಡುವ ಚಿಪ್ಪು ಗೇಟ್ ಡ್ರೈವರ್. ಎರಡನ್ನೂ ಬಂದ್ ಮಾಡಿ ನಡುವಿನ ವೈರಿಗೆ ಮೀಟರ್ ಹಿಡಿದೆ. ಸೊನ್ನೆ ಬರಬೇಕು. ಒಂಬತ್ತು ವೋಲ್ಟ್ ಬಂತು!

ಬಂದ್ ಇದ್ದಾಗಲೂ ಕರೆಂಟು ಬಂದರೆ, ಇವಳ ಕೈ ಹಿಟ್ಟಿನೊಳಗಿದ್ದಾಗ ಮಷೀನ್ ತಾನಾಗಿಯೇ ತಿರುಗಿದರೆ ಏನು ಗತಿ?

ಚಿಪ್ಪು ಬದಲಿಸಿದೆ. ಒಂಬತ್ತು. ಮೇಲಿನ ಸ್ವಿಚ್ಚು ಬದಲಿಸಿದೆ. ಒಂಬತ್ತು. ಬೆರಳು ಸುಟ್ಟುಕೊಂಡು ಕೆಳಗಿನದನ್ನೂ ಬದಲಿಸಿದೆ. ಒಂಬತ್ತೂವರೆ!

"ಏನ್ರಿ, ಮಧ್ಯಾಹ್ನ ಆತಲ್ರಿ?"

"ಮಷೀನಿಗೆ ಕೈ ಹಚ್ಚಬ್ಯಾಡ ಸುಮಿತ್ರಾ! ತಾನ ತಿರಗತೈತಿ!"

"ಮೋಟಾರ್ ನನ್ನ ಸೀರಿಯಾಗ ಮಕ್ಕೊಂಡೈತಿ. ಮಷೀನ್ ಹೆಂಗ ತಿರಗತೈತ್ರಿ?"

"ನಿನಗ ತಿಳಿಯಂಗಿಲ್ಲ, ಸುಮ್ಮನಿರು."

ಅವಳು ಸುಮ್ಮನಿರಲಿಲ್ಲ. ಇರ್ಫಾನನಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲಿಟ್ಟಳು. ಕಥೆಯೆಲ್ಲ ಕೇಳಿ ಅವನು ಗಂಟಲು ಸರಿಮಾಡಿಕೊಂಡ.

"ಸರ, ಮೋಟಾರ್ ಹಚ್ಚಿ ನೋಡೀರೇನ್ರಿ?"

"ಅದು ಕಪಾಟಿನ್ಯಾಗೈತಿ."

"ಹಂಗಾರ ಚಿಪ್ಪಿನಿಂದ ಚೂರು ಕರೆಂಟ್ ಸೋರಿದ್ರ ಅದಕ್ಕ ಹೋಗಾಕ ದಾರಿನ ಇಲ್ರಿ. ಅದನ್ನ ಮೀಟರ್ ಒಂಬತ್ತು ಅಂತ ತೋರಸ್ತೈತಿ. ಮೋಟಾರಿನಂಥಾ ಲೋಡ್ ಹಚ್ಚಲಾರದ ಮೀಟರ್ ಹಿಡಿಬ್ಯಾಡ್ರಿ ಅಂತ ನೀವ ಹೇಳತಿದ್ರಲ್ರಿ. ಅದಕ್ಕ ಪ್ರಾಕ್ಟಿಕಲ್‌ನ್ಯಾಗ ನನ್ನ ಐದು ಮಾರ್ಕ್ಸ್ ಕಡಿದಿದ್ರಿ!"

ನಾನು ಕಪಾಟು ತೆರೆದೆ. ಮೋಟಾರನ್ನು ಮಷೀನಿಗೆ ಕೂಡಿಸಿ ವೈರು ಹಚ್ಚಿ, ಸ್ವಿಚ್ಚು ಬಂದ್ ಇಟ್ಟು ಮತ್ತೆ ಮೀಟರ್ ಹಿಡಿದೆ. ಸೊನ್ನೆ! ಸ್ವಿಚ್ ಹಾಕಿದರೆ ತಿರುಗಿತು, ತೆಗೆದರೆ ನಿಂತಿತು. ಹತ್ತು ಸಲ ಮಾಡಿ ನೋಡಿದೆ. ಇವಳ ಕೈಗೆ ಏನೂ ಆಗುವುದಿಲ್ಲ ಎಂದು ಖಾತ್ರಿಯಾದಾಗ ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಸದ್ಯ, ಬದುಕಿದೆ!

ಸುಮಿತ್ರಾ ಮೀಟರನ್ನೇ ನೋಡುತ್ತಿದ್ದಳು. "ಕೆಲಸಕ್ಕ ಹಚ್ಚಿದ ಕೂಡ್ಲೆ ಸುಮ್ಮನಾತು ನೋಡ್ರಿ. ರಿಟೈರ್ ಆದಾಗಿಂದ ನಿಮಗೂ ಇದ ಬ್ಯಾನಿ."

ಹೀಗೆಂದು ಖಾಲಿ ರೊಟ್ಟಿ ಬುಟ್ಟಿಯನ್ನು ನನ್ನ ಮುಂದಿಟ್ಟಳು. ಸಂಜೆಯವರೆಗೆ ಅವಳು ಬೇಯಿಸಿಕೊಟ್ಟ ಇನ್ನೂರು ರೊಟ್ಟಿ ಹರವಿ, ತಿರುವಿ ಹಾಕಿ ಒಣಗಿಸಿದೆ. ಒಂದು ಮಾತೂ ಆಡಲಿಲ್ಲ. ನನ್ನದೂ ಸೊನ್ನೆ!