ಚಿಕ್ಕಪ್ಪನ ಜಾರುಹಲಗೆ

ಶಿಕಾರಿಪುರ, ಸೊರಬ ಎರಡೂ ತಾಲೂಕು ಸೇರಿಸಿ ಹುಡುಕಿದರೂ ನಮ್ಮ ಚಿಕ್ಕಪ್ಪ ಬೀಳದೆ ಬಿಟ್ಟ ಜಾಗ ಸಿಗುವುದು ಕಷ್ಟ! ಹಾಗೆಂದು ಅವರನ್ನು ಕುಡುಕರು ಅಂದುಕೊಳ್ಳಬೇಡಿ. ವಿಭೂತಿ ಹಚ್ಚದೆ ಕಾಫಿಯನ್ನೂ ಮುಟ್ಟದ, ಶಿರಾಳಕೊಪ್ಪದಲ್ಲಿ ಕಿರಾಣಿ ಅಂಗಡಿ ಇಟ್ಟ ಗೃಹಸ್ಥರು. ತೊಂಬತ್ತರ ದಶಕದಲ್ಲಿ ಮನೆಗೆ ಬಣ್ಣದ ಟೀವಿ ಬಂತು ನೋಡಿ, ಕೆಡಿಸಿದ್ದು ಅದೇ. ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಗುಡ್ಡದಿಂದ ಸುಯ್ಯನೆ ಇಳಿಯುವವರನ್ನು ಕಂಡವರೇ ಊಟದ ತಟ್ಟೆ ಸರಿಸಿ, "ಇದ್ರಾಗೇನೈತಿ? ನಾವೂ ಜಾರಬೌದು" ಎಂದರು.

ಮರುದಿನವೇ ಬಡಗಿಯ ಮನೆಗೆ ಸವಾರಿ. ಎರಡು ಉದ್ದನೆಯ ಹಲಗೆ, ಬೆಂಕಿಗೆ ಹಿಡಿದು ಬಗ್ಗಿಸಿದ ಮೂತಿ, ನಡುವೆ ಮೊಳೆ ಹೊಡೆದು ಕೂರಿಸಿದ ಹವಾಯಿ ಚಪ್ಪಲಿ! "ಹಿಮ ಎಲ್ಲಿಂದ ತರ್ತೀರಿ ಚಿಕ್ಕಪ್ಪಾ?" ಎಂದೆ.

"ಹಿಮಾನೇ ಬೇಕು ಅನ್ನೋದು ಸೋಮಾರಿ ಹಲಗಿ. ಇದು ಆಟಗಾರ ಹಲಗಿ! ಕೆಸರು, ಹುಲ್ಲು, ಹೊಟ್ಟು, ಯಾವ್ದಾದ್ರೂ ಸೈ."

ಚಿಕ್ಕಮ್ಮ ಸೊರಬದ ಕಡೆಯವರು. ನಾಲ್ಕು ಜನ ನಕ್ಕರೆ ಅವರಿಗೆ ಜೀವ ಹೋದಂತೆ. "ಎಂತದ್ರೀ ಇದು, ಈ ವಯಸ್ಸಲ್ಲಿ? ನಾನಂತೂ ನೋಡಕ್ಕೆ ಬರಲ್ಲ" ಎಂದುಬಿಟ್ಟರು. ಆದರೆ ಚಿಕ್ಕಪ್ಪನಿಗೆ ಬೇಕಾಗಿದ್ದುದೇ ಅವರು ನೋಡುವುದು! ಊರು ನೋಡದಿದ್ದರೂ ನಡೆಯುತ್ತಿತ್ತು, ಚಿಕ್ಕಮ್ಮ ನೋಡಬೇಕಿತ್ತು. "ನಾನು ಬೀಳದಂಗ ಜಾರೋದನ್ನ ಅಕಿ ಒಂದ್ಸಲ ನೋಡಿದ್ರ ಸಾಕು" ಎಂದು ನನ್ನ ಬಳಿ ಹೇಳಿಕೊಂಡರು.

ಮೊದಲ ಪರೀಕ್ಷೆ ನಾಟಿಗೆ ಸಿದ್ಧವಾಗಿದ್ದ ಗದ್ದೆಯಲ್ಲಿ. ಎತ್ತುಗಳಿಗೆ ಕಟ್ಟಿದ ಹಗ್ಗ ಹಿಡಿದು ಹಲಗೆಯ ಮೇಲೆ ನಿಂತರು. ಎತ್ತು ಹೊರಟವು, ಹಲಗೆ ಕೆಸರಲ್ಲೇ ಉಳಿಯಿತು. ಚಿಕ್ಕಪ್ಪ? ಹಗ್ಗ ಬಿಡದೆ ಹೊಟ್ಟೆಯ ಮೇಲೆ ಆಚೆ ಬದುವಿನವರೆಗೂ ಹೋದರು! ಗದ್ದೆಯ ಯಜಮಾನ ಖುಷಿಯಿಂದ, "ಸಾವ್ಕಾರ್ರೇ, ಕೊರಡು ಹೊಡೆದಂಗೆ ಗದ್ದೆ ಸಮ ಆತು. ನಾಳೆ ಮ್ಯಾಲಿನ ಗದ್ದೆಗೂ ಬರ್ರಿ" ಎಂದ.

ಎರಡನೆಯದು ಚಂದ್ರಗುತ್ತಿ ಕಡೆಯ ಗುಡ್ಡ, ಒಣಹುಲ್ಲು. ಅಲ್ಲಿ ಹಲಗೆ ಚೆನ್ನಾಗಿಯೇ ಓಡಿತು. ತೊಂದರೆಯಾಗಿದ್ದೇ ಅದರಿಂದ! ಜಾರುವುದನ್ನು ತೋರಿಸಿದ ಟೀವಿಯವರು ನಿಲ್ಲುವುದನ್ನು ತೋರಿಸಿರಲಿಲ್ಲ. ಕೊನೆಗೆ ಒಂದು ಸೀಗೆಮೆಳೆ ದಯೆ ತೋರಿ ನಿಲ್ಲಿಸಿತು.

ಆ ಸಂಜೆ ಚಿಕ್ಕಮ್ಮ ಪಿನ್ನು ಹಿಡಿದು ಮುಳ್ಳು ತೆಗೆಯುತ್ತ ಕೇಳಿದರು: "ಎಲ್ರೂ ನಕ್ರಾ?"

"ನಕ್ರು."

"ನೋವಾಯ್ತಾ?"

"ಮುಳ್ಳಿಗೋ, ನಕ್ಕಿದ್ದಕ್ಕೋ?"

ಚಿಕ್ಕಮ್ಮ ಮುಂದಿನ ಮುಳ್ಳನ್ನು ತುಸು ಮೆಲ್ಲಗೆ ತೆಗೆದರು.

ಉಳಿದದ್ದು ರೈಸ್ ಮಿಲ್ಲಿನ ಹಿಂದಿನ ಭತ್ತದ ಹೊಟ್ಟಿನ ಗುಡ್ಡೆ. ಮನೆಯ ಸೂರಿಗಿಂತ ಎತ್ತರ! ನುಣುಪಾಗಲೆಂದು ಚಕ್ಕಡಿಗೆ ಹಾಕುವ ಕೀಲೆಣ್ಣೆ ಬಳಿದರೆ, ಹೊಟ್ಟೆಲ್ಲ ಮೆತ್ತಿ ಹಲಗೆಗೆ ಗಡ್ಡ ಬಂತು. ಅದನ್ನು ಕೆರೆದು ಮೇಣದಬತ್ತಿ ಉಜ್ಜಿದರು. ದಿನವೂ ಅಂಗಡಿ ತೆರೆಯುವ ಮೊದಲು ಹೋಗಿ ಬಿದ್ದು ಬರುತ್ತಿದ್ದರು. ಬೀಳುವುದು ಕಡಿಮೆಯಾಗತೊಡಗಿದಾಗ ಒಂದು ಬೆಳಿಗ್ಗೆ ಚಿಕ್ಕಮ್ಮ ತಾವಾಗಿಯೇ ಹೊರಟು ನಿಂತರು. "ನೋಡಕ್ಕಲ್ಲ, ಬಿದ್ರೆ ಎತ್ತಕ್ಕೆ ಜನ ಬೇಕಲ್ಲ" ಎಂದು ಗೊಣಗಿದರು.

ಮಿಲ್ಲಿನ ಹಮಾಲರೆಲ್ಲ ಸೇರಿದ್ದರು. ಚಿಕ್ಕಪ್ಪ ತುದಿಯಿಂದ ಹೊರಟರು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಳುಕಿ, ಹೊಟ್ಟು ಹಾರಿಸುತ್ತ ಇಳಿದು ನೆಟ್ಟಗೆ ನಿಂತರು. ಬೀಳಲಿಲ್ಲ! ನಾನು ಚಪ್ಪಾಳೆ ತಟ್ಟಿದೆ.

"ನೋಡಿದ್ಯೇನೇ?"

ಚಿಕ್ಕಮ್ಮನ ಎರಡೂ ಅಂಗೈ ಮುಖದ ಮೇಲಿದ್ದವು. "ಹೆದ್ರಿಕೆ ಆಯ್ತು ರೀ... ಕಣ್ ಮುಚ್ಕಂಡ್ಬಿಟ್ಟೆ."

ಚಿಕ್ಕಪ್ಪನ ಮುಖ ನೋಡಲಾಗದೆ ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇನ್ನೊಂದ್ಸಲ ಜಾರ್ರಿ. ಈ ಸಲ ಕಣ್ ಬಿಟ್ಕಂಡೇ ಇರ್ತೀನಿ" ಎಂದರು.

ಚಿಕ್ಕಪ್ಪ ಏದುಸಿರು ಬಿಡುತ್ತ ಮತ್ತೆ ಹತ್ತಿದರು. ಚಿಕ್ಕಮ್ಮ ರೆಪ್ಪೆ ಬಡಿಯದೆ ನಿಂತರು. ಅರ್ಧ ದಾರಿಯಲ್ಲಿ ಹಲಗೆ ಒಂದು ಕಡೆ, ಚಿಕ್ಕಪ್ಪ ಒಂದು ಕಡೆ! ಉರುಳುರುಳಿ ಬಂದು ಚಿಕ್ಕಮ್ಮನ ಕಾಲ ಬಳಿ ಬಿದ್ದರು. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ಜನರೆದುರು ಕೆಳಗೆ ಕೂತು, ಗಂಡನ ತಲೆಯಿಂದ ಹೊಟ್ಟು ಕೊಡವುತ್ತ ಹೇಳಿದರು:

"ನೋಡ್ದೆ ರೀ. ಪೂರಾ ನೋಡ್ದೆ."