ಗೆರೆ ದಾಟಿದ ಚೆಂಡು

ಇವತ್ತು ಏನೇ ಆಗಲಿ, ಮಾವನ ಬಾಯಿಂದ ‘ಅದು ಗೋಲು’ ಅನ್ನಿಸಿಯೇ ಊಟಕ್ಕೆ ಕೂರುವುದು ಎಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಕಲ್ಲೇಶ್ ಭೀಷ್ಮಪ್ರತಿಜ್ಞೆ ಮಾಡಿದ.

“ಮೊದ್ಲು ಬಾಯಲ್ಲಿರೋ ನೊರೆ ಉಗುಳ್ರಿ,” ಎಂದಳು ಹೆಂಡತಿ ಯಶೋದಾ.

ಗೋಲಿನ ಕಥೆ ಹಳೆಯದು. ಕಲ್ಲೇಶ್ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಚಿತ್ರದುರ್ಗದಲ್ಲಿ ಜಿಲ್ಲಾ ಕಪ್ಪಿನ ಫುಟ್‌ಬಾಲ್ ಫೈನಲ್. ಒಂದು ಕಡೆ ಅವನ ಪಂಚಪ್ರಾಣವಾದ ಹಿರಿಯೂರು, ಇನ್ನೊಂದು ಕಡೆ ಹೊಸದುರ್ಗ. ಅವನು ಅಪ್ಪನ ಹೆಗಲ ಮೇಲೆ ಕೂತು ನೋಡುತ್ತಿದ್ದ. ಒಂದು ಗೋಲಿನಿಂದ ಹಿಂದಿದ್ದ ಹಿರಿಯೂರು ಕೊನೇ ಗಳಿಗೆಯಲ್ಲಿ ಒದ್ದ ಚೆಂಡನ್ನು ಹೊಸದುರ್ಗದ ಕೀಪರ್ ಹಾರಿ ತಬ್ಬಿಕೊಂಡ. “ಗೆರೆ ದಾಟೈತೆ! ಗೋಲು!” ಎಂದು ಕಲ್ಲೇಶ್ ಹೆಗಲ ಮೇಲಿಂದಲೇ ಕೂಗಿದ. ರೆಫರಿ ಇಲ್ಲವೆಂದು ತಲೆಯಾಡಿಸಿದ. ಕಪ್ಪು ಹೋಯಿತು. ಹುಡುಗ ಬಸ್ಸಿನಲ್ಲಿ ಊರು ತಲುಪುವವರೆಗೂ ಅತ್ತ. ಅಪ್ಪ ಕೊಡಿಸಿದ ಮಂಡಕ್ಕಿಯನ್ನೂ ಮುಟ್ಟಲಿಲ್ಲ.

ಎಷ್ಟೋ ವರ್ಷದ ಮೇಲೆ ಹೊಸದುರ್ಗದ ಕಡೆಯ ಮತ್ತೋಡಿಗೆ ಹೆಣ್ಣು ನೋಡಲು ಹೋದರೆ, ಎದುರಿಗೆ ಕಾಫಿ ಲೋಟ ಹಿಡಿದು ಕೂತಿದ್ದ ಹೆಣ್ಣಿನ ಅಪ್ಪನೇ ಆ ಕೀಪರ್! ಕಲ್ಲೇಶ್ ಎದ್ದೇ ಬಿಡುತ್ತಿದ್ದ. ಅಷ್ಟರಲ್ಲಿ ಯಶೋದಾ ಒಳಗಿಂದ ಬಂದುಬಿಟ್ಟಳು!

ಆ ಮಾವ ಪರಮೇಶ್ವರಪ್ಪ ಇವತ್ತು ಹಿರಿಯೂರಿಗೆ, ಮಗಳ ಮನೆ ಊಟಕ್ಕೆ ಬಂದಿದ್ದರು.

“ಮಾವ, ಹಿತ್ತಲಿಗೆ ಬರ್ರಿ. ಅವತ್ತು ನಿಂತಂಗೇ ನಿಂತ್ಕಳ್ರಿ. ಇತ್ಯರ್ಥ ಆಗೇ ಬಿಡ್ಲಿ!”

“ಬಾರಪ್ಪ. ಇನ್ನೊಂದ್ಸಲ ಸೋಲೋ ಆಸೆ ಇದ್ರೆ ನಾನ್ಯಾಕೆ ಬ್ಯಾಡ ಅನ್ಲಿ?” ಎಂದು ಮಾವ ಪಂಚೆ ಎತ್ತಿ ಕಟ್ಟಿದರು.

ಬಟ್ಟೆ ಒಗೆಯುವ ಕಲ್ಲಿಗೂ ನುಗ್ಗೆಮರಕ್ಕೂ ನಡುವೆ ಕಲ್ಲೇಶನ ಮಗಳು ದೀಪಾ ರಂಗೋಲಿ ಪುಡಿಯಲ್ಲಿ ಗೆರೆ ಎಳೆದಳು. ಅವಳೇ ರೆಫರಿ. ಕಲ್ಲೇಶ್ ಒದ್ದ. ಮಾವ ಆ ವಯಸ್ಸಿನಲ್ಲೂ ಹಾರಿಯೇ ಬಿಟ್ಟರು! ಚೆಂಡನ್ನು ತಬ್ಬಿ, ದೊಪ್ಪನೆ ಬಿದ್ದು, ಒಂದು ಉರುಳು ಉರುಳಿದರು.

“ಗೋಲ್!”

“ಎಲ್ಲೈತಪ್ಪ ಗೋಲು?”

ಇಬ್ಬರೂ ಗೆರೆ ಹುಡುಕಿದರು. ಗೆರೆ ಪೂರ್ತಿ ಮಾವನ ಬನಿಯನ್ನಿಗೆ ಅಂಟಿಕೊಂಡಿತ್ತು!

“ಇನ್ನೊಂದ್ಸಲ!” ಕಲ್ಲೇಶ್ ಅಷ್ಟೂ ವರ್ಷದ ಸಿಟ್ಟನ್ನು ಬಲಗಾಲಿಗೆ ಇಳಿಸಿ ಒದ್ದ. ಚೆಂಡು ಮಾವನ ತಲೆ ದಾಟಿ, ತೆರೆದಿದ್ದ ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ನುಗ್ಗಿತು. ಒಳಗೆ ಢಣಾರ್!

ಹುರುಳಿ ಸಾರು ತೊಟ್ಟಿಕ್ಕುವ ಚೆಂಡನ್ನು ಹಿಡಿದು ಯಶೋದಾ ಹೊರಗೆ ಬಂದಳು.

“ನೋಡಿದ್ಯಾ? ಗೋಲು!” ಎಂದ ಕಲ್ಲೇಶ್.

“ಗೋಲಲ್ಲ ಕಣ್ರಿ, ಗೋಳು! ಸಾರೆಲ್ಲ ನೆಲದ ಪಾಲು. ಮುದ್ದೆಗೆ ಏನ್ ಹಾಕ್ಕಂಡು ಉಣ್ತೀರಿ?”

“ಮಜ್ಜಿಗೆ ಐತಲ್ಲ! ನಾನಂತೂ ಹಿಂದೆ ಸರಿಯಲ್ಲ.”

ದೀಪಾ ಹೊಸ ಗೆರೆ ಎಳೆದಳು. “ಅಪ್ಪ, ಈಗ ನೀನು ನಿಂತ್ಕ. ತಾತ ಒದೀಲಿ.”

ಮಾವ ಸೊಂಟ ಹಿಡಿದುಕೊಂಡೇ ಚೆಂಡಿಗೆ ಮೆಲ್ಲಗೆ ಕಾಲು ತಾಗಿಸಿದರು. ಅದು ಉಂಡು ಅಡ್ಡಾಡುವವರ ಹಾಗೆ ಉರುಳುತ್ತಾ ಬಂತು. ಕಲ್ಲೇಶ್ ಗರುಡನಂತೆ ತೋಳಗಲಿಸಿ ಬಗ್ಗಿದ. ಚೆಂಡು ಅವನ ಎರಡು ಕಾಲ ಸಂದಿಯಲ್ಲಿ ತೂರಿ, ಗೆರೆಯಿಂದ ಮಾರುದೂರ ಹೋಗಿ ನಿಂತಿತು. ಗೆರೆ ಚೂರೂ ಅಳಿಸಿರಲಿಲ್ಲ. ಮಾವ ಮೀಸೆಯಲ್ಲೇ ನಕ್ಕರು.

“ದಾಟ್ತೇನ್ರಿ?” ಕೇಳಿದಳು ಯಶೋದಾ.

ಕಲ್ಲೇಶ್ ತಲೆ ತಗ್ಗಿಸಲಿಲ್ಲ. “ಇವತ್ತಿಂದು ದಾಟೈತೆ, ಒಪ್ಕಂತೀನಿ. ಆದ್ರೆ ಅವತ್ತಿಂದೂ ಗೋಲೇ! ಸಾಯೋವರ್ಗೂ ಗೋಲೇ!”

“ಆಯ್ತು, ಗೋಲೇ. ಈಗ ನೀವೂ ಹೊಸ್ಲು ದಾಟಿ ಒಳಗ್ ಬರ್ರಿ,” ಎಂದು ಅವಳು ಒದ್ದೆಬಟ್ಟೆಯನ್ನು ಅವನ ಕೈಗಿಟ್ಟಳು. “ನೆಲ ಒರೆಸ್ರಿ. ಸಾರು ಎಲ್ಲೀಗಂಟ ಹೋಗೈತೆ ಅಂತ ನೋಡಾಕೆ ರೆಫರಿ ಬೇಕಾಗಿಲ್ಲ!”